ಕಾರಿಗೂ ಬಾಯಿ ಬಂತು

ದೀಪಾವಳಿ ಪಾಡ್ಯದ ಹಿಂದಿನ ದಿನ ಮಗನ ಹೊಸ ಕಾರು ಒರೆಸುತ್ತಿದ್ದೆ. ಅವನು ಒಳಗೆ ಹಾಡು ಹಚ್ಚಿಟ್ಟು ಪೂಜೆಗೆ ಕುಂಬಳಕಾಯಿ ತರಲು ಹೋಗಿದ್ದ. ನಾನು ಹಸಿ ಬಟ್ಟೆ ಹಿಡಿದು ಮುಂದಿನ ಕನ್ನಡಿಯ ಹತ್ತಿರ ತಿಕ್ಕಿದೆನೋ ಇಲ್ಲವೋ, ಹಾಡು ಗಪ್ಪಾಯಿತು! ಟ್ರಿಣ್ ಟ್ರಿಣ್ ಎಂದು ಗಂಟೆ ಹೊಡೆದು, ಹೆಣ್ಣು ಧ್ವನಿಯೊಂದು ಹಿಂದಿಯಲ್ಲಿ ಏನೋ ಕೇಳಿತು. ನಾನು ಬಕೆಟ್ಟು ಉರುಳಿಸಿಕೊಂಡು ಹೊರಗೆ ಜಿಗಿದೆ.

“ಯಾರವ್ವಾ ನೀ? ಎಲ್ಲಿ ಕುಂತೀ?” ಎಂದೆ.

“ಅಮ್ಮಾ, ನೀವು ಸುರಕ್ಷಿತವಾಗಿದ್ದೀರಾ? ಅಪಘಾತ ಆಗಿದೆಯಾ?” ಈಗ ಕನ್ನಡದಲ್ಲಿ ಕೇಳಿತು ಧ್ವನಿ.

“ಇಲ್ಲವ್ವಾ, ಧೂಳಾ ವರಸಾಕತ್ತೀನಿ!”

ಆ ಹುಡುಗಿ ನಕ್ಕಳು. ಮಗ ಬಂದ ಮೇಲೆ ಅವನೂ ಹೊಟ್ಟೆ ಹಿಡಿದು ನಕ್ಕ. ಕೆಂಪು ಗುಂಡಿ ಒತ್ತಿಬಿಟ್ಟಿದ್ದೆನಂತೆ. ನಾನೂ ನಕ್ಕೆ ಅನ್ನಿ. ಆದರೆ ರಾತ್ರಿ ಹೋಳಿಗೆ ಲಟ್ಟಿಸುವಾಗ ಆ ಪ್ರಶ್ನೆಯೇ ಕಿವಿಯಲ್ಲಿ ಗುಂಯ್‌ಗುಡುತ್ತಿತ್ತು. ಇದೇ ಪ್ರಶ್ನೆಯನ್ನು ಅವತ್ತು ನಮ್ಮವರಿಗೆ ಯಾರಾದರೂ ಕೇಳಿದ್ದರೆ...

2017ರ ಜನವರಿ. ನಮ್ಮದು ಬನಹಟ್ಟಿ, ನಮ್ಮವರದು ಸೀರೆ ವ್ಯಾಪಾರ. ಬೀಳಗಿಯ ಮದುವೆ ಮನೆಯೊಂದಕ್ಕೆ ಸೀರೆಯ ಗಂಟು ಮುಟ್ಟಿಸಿ ಮೋಟಾರ್‌ಸೈಕಲ್ ಮೇಲೆ ಜಮಖಂಡಿ ಹಾದಿ ಹಿಡಿದು ಮರಳುತ್ತಿದ್ದರು. ಕಬ್ಬಿನ ಹಂಗಾಮು. ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ, ಬೇರೆ ಊರಿನ ಓದುಗರಿಗಾಗಿ ಬರೆಯುತ್ತೇನೆ: ಜಮಖಂಡಿ, ಮುಧೋಳದ ಸುತ್ತ ಆ ದಿನಗಳಲ್ಲಿ ಒಂದು ಟ್ರ್ಯಾಕ್ಟರಿಗೆ ಎರಡು ಟ್ರೈಲರ್ ಕಟ್ಟಿ, ಮನೆ ಎತ್ತರಕ್ಕೆ ಕಬ್ಬು ಹೇರಿಕೊಂಡು ರಾತ್ರಿಯೆಲ್ಲ ಫ್ಯಾಕ್ಟರಿಗೆ ಓಡಾಡುತ್ತಾರೆ. ಅಂಥದೊಂದು ಗಾಡಿ ಪಂಕ್ಚರಾಗಿ ರಸ್ತೆಯಲ್ಲೇ ನಿಂತಿತ್ತು. ಹಿಂದೆ ಒಂದು ಕೆಂಪು ದೀಪವಿಲ್ಲ, ಹೊಳೆಯುವ ಪಟ್ಟಿಯಿಲ್ಲ. ಇವರು ಹೋಗಿ ನೇರ ಅದಕ್ಕೇ ಬಡಿದರು.

ಫೋನು ಸಿಡಿದು ಕಬ್ಬಿನೊಳಗೆ ಬಿತ್ತು. ಮನೆಯಲ್ಲಿ ನಾನು ಹತ್ತು ಹತ್ತು ನಿಮಿಷಕ್ಕೊಮ್ಮೆ ಹಚ್ಚುತ್ತಿದ್ದೆ. ರಿಂಗಾಗುತ್ತಿತ್ತು, ಎತ್ತುತ್ತಿರಲಿಲ್ಲ. ಹಾದಿಯಲ್ಲಿ ಕೇಳಿಸುವುದಿಲ್ಲ ಎಂದುಕೊಂಡು ರೊಟ್ಟಿಯ ಬುಟ್ಟಿ ಮುಚ್ಚಿಟ್ಟೆ. ಅಲ್ಲಿ ಕಾಲು ಮುರಿದುಕೊಂಡು ಬಿದ್ದವರು ಆ ಗಂಟೆಯನ್ನು ಕೇಳುತ್ತಲೇ ಇದ್ದರಂತೆ. “ನೀ ಫೋನ್ ಮಾಡೂದು ಗೊತ್ತಾಗತಿತ್ತು, ಕೈ ಮುಟ್ಟತಿರಲಿಲ್ಲ” ಎಂದು ಇವತ್ತಿಗೂ ಹೇಳುತ್ತಾರೆ.

ಎಷ್ಟೋ ಗಾಡಿಗಳು ಹಾದುಹೋದವು. ಕಡೆಗೆ ಒಬ್ಬ ಹಾಲಿನವ ನಿಂತ. ಆಂಬುಲೆನ್ಸಿಗೆ ಫೋನೇನೋ ಹಚ್ಚಿದ, ಆದರೆ “ಎಲ್ಲಿ?” ಎಂದು ಕೇಳಿದಾಗ ತಡವರಿಸಿದ. ಎರಡೂ ಕಡೆ ಆಳೆತ್ತರ ಕಬ್ಬು, ಕಲ್ಲಿಲ್ಲ, ಫಲಕವಿಲ್ಲ. “ಕಬ್ಬಿನ ಹೊಲದ ಬಾಜೂಕ” ಎಂದನಂತೆ ಪಾಪ. ಇಲ್ಲಿ ಕಬ್ಬಿಲ್ಲದ ಹೊಲ ಯಾವುದು? ಹುಡುಕಿ ಬರುವುದರಲ್ಲಿ ಒಂದು ತಾಸು ಮೀರಿತ್ತು. ಜೀವ ಉಳಿಯಿತು, ಎಡಗಾಲು ಮಾತ್ರ ಇನ್ನೂ ಎಳೆದು ಹಾಕುತ್ತಾರೆ.

ಇದಕ್ಕೇ ಮಗನನ್ನು ಕೂರಿಸಿಕೊಂಡು ಆ ಗುಂಡಿಯ ಕಥೆ ಪೂರ್ತಿ ಕೇಳಿದೆ. ನಾನು ಎಸ್.ಎಸ್.ಎಲ್.ಸಿ.ವರೆಗೆ ಓದಿದವಳು, ತಿಳಿದಷ್ಟು ಹೇಳುತ್ತೇನೆ. ಇಂಥ ಕೆಲವು ಕಾರುಗಳಲ್ಲಿ ಫೋನಿನಲ್ಲಿರುವಂತೆಯೇ ಒಂದು ಸಿಮ್ ಇರುತ್ತದೆ. ಗಾಡಿ ಒಮ್ಮೆಲೇ ಬಡಿದು ನಿಂತರೆ, ಇಲ್ಲವೇ ಗಾಳಿಚೀಲ ಒಡೆದುಕೊಂಡರೆ ಒಳಗಿನ ಯಂತ್ರಕ್ಕೆ ಗೊತ್ತಾಗುತ್ತದೆ. ಯಾವ ಜಾಗದಲ್ಲಿದ್ದೇವೆ ಎಂಬುದನ್ನು ಉಪಗ್ರಹಗಳ ಸಂಕೇತದಿಂದ ತಿಳಿದು ತಾನೇ ಸುದ್ದಿ ಮುಟ್ಟಿಸುತ್ತದೆ. ಯುರೋಪಿನಲ್ಲಿ 2018ರ ಮಾರ್ಚ್ 31ರಿಂದ ಹೊಸ ಮಾದರಿಯ ಪ್ರತಿ ಕಾರಿಗೂ ಇದು ಕಡ್ಡಾಯ. ಕಾರೇ 112ಕ್ಕೆ ಕರೆ ಮಾಡಿ, ಎಲ್ಲಿ ಬಿದ್ದಿದೆ, ಯಾವ ದಿಕ್ಕಿಗೆ ಹೊರಟಿತ್ತು ಎಲ್ಲ ಹೇಳುತ್ತದಂತೆ. ಐಫೋನಿನಲ್ಲೂ 2022ರಿಂದ ಇಂಥದೊಂದು ಉಪಾಯ ಬಂದಿದೆ. ಅಮೆರಿಕದಲ್ಲಿ ಜಾತ್ರೆಯ ತೊಟ್ಟಿಲಿನಂಥ ಆಟದ ಗಾಡಿ ಹತ್ತಿದವರ ಫೋನುಗಳು ಅಪಘಾತವೆಂದೇ ತಿಳಿದು ಪೊಲೀಸರನ್ನು ಕರೆದಿದ್ದವಂತೆ! ನನ್ನ ಧೂಳು ಒರೆಸಿದ್ದೇ ವಾಸಿ.

ನಮ್ಮ ದೇಶದಲ್ಲಿ 2019ರ ಜನವರಿ 1ರಿಂದ ಹೊಸದಾಗಿ ನೋಂದಣಿಯಾಗುವ ಬಸ್ಸು, ಟ್ಯಾಕ್ಸಿಗಳಿಗೆ ಜಾಗ ತೋರಿಸುವ ಯಂತ್ರ ಮತ್ತು ತುರ್ತು ಗುಂಡಿ ಇರಲೇಬೇಕೆಂಬ ನಿಯಮ ಬಂತು. ಆಟೋಗಳಿಗೆ ವಿನಾಯ್ತಿ. ಮುಂದಿನ ಸಲ ಟ್ಯಾಕ್ಸಿ ಹತ್ತಿದಾಗ ಗುಂಡಿ ಎಲ್ಲಿದೆ ನೋಡಿಟ್ಟುಕೊಳ್ಳಿ. ಸುಮ್ಮನೆ ಒತ್ತಬೇಡಿ ಮತ್ತೆ!

ಆದರೆ ನನ್ನ ತಕರಾರು ಬೇರೆಯೇ ಇದೆ. ಲಕ್ಷಗಟ್ಟಲೆ ಕೊಟ್ಟ ಕಾರಿಗೆ ಬಾಯಿ ಬಂತು, ಸರಿ. ಮೋಟಾರ್‌ಸೈಕಲ್ಲಿಗೆ? ನಮ್ಮ ರಸ್ತೆಯಲ್ಲಿ ನೇಕಾರರು, ಕಬ್ಬು ಕಡಿಯುವ ಗ್ಯಾಂಗಿನವರು, ಹಾಲಿನವರು ಕಾರಿನಲ್ಲಿ ಓಡಾಡುತ್ತಾರೆಯೇ? ಬಿದ್ದ ಮೇಲೆ ಕೂಗುವ ಯಂತ್ರಕ್ಕಿಂತ ಮೊದಲು ಟ್ರೈಲರಿನ ಹಿಂದೆ ಒಂದು ಗೇಣು ಕೆಂಪು ಪಟ್ಟಿ ಅಂಟಿಸಲಿ ಎನ್ನುತ್ತೇನೆ. ಮಗನಿಗೆ ಈ ಮಾತು ಸೇರಲಿಲ್ಲ. “ಎರಡೂ ಬೇಕು ಬಿಡವ್ವಾ” ಎಂದ. ಅದೂ ಖರೆಯೇ.

ಮತ್ತೆ, ಗಾಡಿಗಳು ನಿಲ್ಲಲಿಲ್ಲ ಎಂದೆನಲ್ಲ, ಅದು ಕಟುಕತನವಲ್ಲ, ಸ್ಟೇಷನ್ ಕೋರ್ಟಿನ ಅಂಜಿಕೆ. ಹಾಗೆ ಅಂಜಬೇಕಿಲ್ಲ. ಗಾಯಾಳುವಿಗೆ ನೆರವಾದವರನ್ನು ಹೆಸರು ಹೇಳೆಂದು, ಸಾಕ್ಷಿ ನುಡಿಯೆಂದು ಒತ್ತಾಯಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2016ರಲ್ಲೇ ಹೇಳಿದೆ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೇ ಈ ರಕ್ಷಣೆ ಸೇರಿತು. ನಮ್ಮ ರಾಜ್ಯದಲ್ಲಿ 108 ಆಂಬುಲೆನ್ಸ್ 2008ರ ನವೆಂಬರ್ 1ರಿಂದ ಇದೆ, 112 ಇದೆ. ಫೋನು ಮಾಡುವ ಮೊದಲು ಮೊಬೈಲಿನ ನಕಾಶೆಯಲ್ಲಿ ಜಾಗ ನೋಡಿ ಹೇಳುವುದನ್ನು ಮಕ್ಕಳಿಂದ ಕಲಿತುಕೊಳ್ಳಿ. ನಮ್ಮ ಸಂಘದ ಹೆಂಗಸರಿಗೆ ನಾನೇ ಕಲಿಸಿದೆ, ಶಾವಿಗೆ ಹೊಸೆಯುತ್ತಾ ಹೊಸೆಯುತ್ತಾ!

ನಮ್ಮವರ ಫೋನಿನಲ್ಲೂ ಅವರಿರುವ ಜಾಗ ನನಗೆ ಕಾಣುವಂತೆ ಮಗ ಮಾಡಿಕೊಟ್ಟಿದ್ದಾನೆ. “ನನ್ನ ಕೊರಳಿಗೆ ಗಂಟಿ ಕಟ್ಟತೀಯೇನ?” ಎಂದು ನಾಲ್ಕು ದಿನ ಸಿಟ್ಟು ಮಾಡಿದರು. ಕಳೆದ ವಾರ ಮತ್ತೆ ಬೀಳಗಿಗೆ ಹೋಗಿದ್ದರು. ಕತ್ತಲಾಯಿತು. ಫೋನಿನಲ್ಲಿ ನೀಲಿ ಚುಕ್ಕೆ ಜಮಖಂಡಿ ಕಡೆಗೆ ಸರಿಯುತ್ತಿತ್ತು. ಒಮ್ಮೆಲೇ ನಿಂತಿತು. ಐದು ನಿಮಿಷ... ಹತ್ತು ನಿಮಿಷ... ಕೈಯಲ್ಲಿದ್ದ ರೊಟ್ಟಿ ಹಂಚಿನ ಮೇಲೆ ಸೀದಿತು. ಫೋನು ಹಚ್ಚಿದೆ. ಎತ್ತಿದರು.

“ಯಾಕ್ರೀ ನಿಂತೀರಿ?”

“ಗಿರಮಿಟ್ ತಿನ್ನಾಕತ್ತೀನಿ. ನಿನಗೂ ಕಟ್ಟಿಸಲೇನು?”

“ಎರಡು ಪೊಟ್ಟಣ ಕಟ್ಟಿಸ್ರಿ” ಎಂದೆ.