ನೀರು ತುಂಬೋ ಹಬ್ಬ ಮತ್ತು ನಮ್ಮ ಗೀಸರ್

ಡಿಸೆಂಬರ್‌ನ ಇಂಟರ್ನಲ್ಸ್ ವಾರದಲ್ಲೇ ನಮ್ಮ ಬಾಡಿಗೆ ಮನೆಯ ಗೀಸರ್ ಕೈಕೊಟ್ಟಿತು. ಸ್ವಿಚ್ ಹಾಕಿದರೆ ಆರ್‌ಸಿಸಿಬಿ ಟ್ರಿಪ್. ಮತ್ತೆ ಹಾಕಿದರೆ ಮತ್ತೆ ಟ್ರಿಪ್. ಎರಡು ತಿಂಗಳಿಂದ ನೀರು ಕಾಯುವಾಗ ಒಳಗೆ ಕಡಲೆಕಾಯಿ ಹುರಿದ ಹಾಗೆ ಪಟಪಟ ಸದ್ದು ಬರ್ತಿತ್ತು. ನಾಲ್ವರೂ ಕೇಳಿಸಿಕೊಂಡಿದ್ವಿ, ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ನಮ್ಮಲ್ಲಿ ಇಬ್ಬರು ಮೆಕ್ಯಾನಿಕಲ್, ಒಬ್ಬ ಎಲೆಕ್ಟ್ರಿಕಲ್, ಒಬ್ಬ ಸಿಎಸ್ ಅನ್ನೋದನ್ನ ಇಲ್ಲಿ ಹೇಳದೇ ಇದ್ದರೆ ಒಳ್ಳೇದಿತ್ತು.

ರಿಪೇರಿಗೆ ಬಂದ ಅಣ್ಣ ಎಂಸಿಬಿ ಆಫ್ ಮಾಡಿ, ನೀರು ಖಾಲಿ ಮಾಡಿ, ಫ್ಲ್ಯಾಂಜ್ ಬಿಚ್ಚಿದರು. ಬಕೆಟ್ಟಿಗೆ ಸುಣ್ಣದ ಚಕ್ಕೆ ಸುರೀತು, ಎರಡು ಮಗ್ ತುಂಬೋವಷ್ಟು. ಎಲಿಮೆಂಟ್ ಕಾಣ್ತಾನೇ ಇರಲಿಲ್ಲ. ನಮ್ಮದು ಬೋರ್‌ವೆಲ್ ನೀರು. ಮೊದಲ ವರ್ಷ ಕೆಮಿಸ್ಟ್ರಿ ಲ್ಯಾಬಿನಲ್ಲಿ ಇಡಿಟಿಎ ಹಾಕಿ, ವೈನ್ ರೆಡ್ ನೀಲಿಯಾಗೋವರೆಗೆ ಕಾದು, ರೀಡಿಂಗ್ ಪಕ್ಕದವನಿಂದ ಕಾಪಿ ಹೊಡೆದಿದ್ದೆವಲ್ಲ, ಆ ಗಡಸುತನ ಇದೇ. ಬೈಕಾರ್ಬೊನೇಟ್ ಕಾದರೆ ಕಾರ್ಬೊನೇಟ್ ಆಗಿ, ಹೆಚ್ಚು ಬಿಸಿ ಇರೋ ಕಡೆಗೇ ಅಂಟಿಕೊಳ್ಳುತ್ತೆ.

ಸುಣ್ಣ ಕಟ್ಟಿದರೆ ಕರೆಂಟ್ ಬಿಲ್ ಸಿಕ್ಕಾಪಟ್ಟೆ ಏರುತ್ತೆ ಅಂತ ನಾವು ವಾದ ಮಾಡಿದ್ವಿ. ಆಮೇಲೆ ಯೋಚಿಸಿದರೆ ಅದು ಪೂರ್ತಿ ಸರಿಯಲ್ಲ. 2 ಕಿಲೋವ್ಯಾಟ್ ಎಲಿಮೆಂಟ್ ನೀರಿನೊಳಗೇ ಮುಳುಗಿದೆ, ಶಾಖ ತಡವಾಗಿಯಾದರೂ ನೀರಿಗೇ ಹೋಗಬೇಕು. ಆದರೆ ಶಾಖ ಹೊರಗೆ ಹೋಗಲು ಪದರ ಬಿಡೋದಿಲ್ಲ, ಎಲಿಮೆಂಟಿನ ಕವಚ ತಾನೇ ಮಿತಿಮೀರಿ ಕಾದು ಸೀಳುತ್ತೆ. ನಮ್ಮದು ಸೀಳಿತ್ತು. ಟ್ರಿಪ್ ಆಗ್ತಿದ್ದದ್ದು ಅದಕ್ಕೇ.

ಪಕ್ಕದಲ್ಲಿ ಒಂದು ತಂತಿ ನೇತಾಡ್ತಿತ್ತು. ಅದು ಮೆಗ್ನೀಸಿಯಂ ಆನೋಡಂತೆ. ಟ್ಯಾಂಕಿನ ಉಕ್ಕಿನ ಬದಲು ತಾನು ಸವೆಯೋಕೆ ಅಂತಲೇ ಇಟ್ಟ ಸರಳು. ಹೊಸದು ಬೆರಳು ದಪ್ಪ ಇರುತ್ತೆ. ಅದು ಮುಗಿದ ಮೇಲೆ ಸವೆಯೋದು ಟ್ಯಾಂಕೇ. ಓನರ್‌ಗೆ ಫೋನ್ ಮಾಡಿ ಕೇಳಿದ್ವಿ: ಗೀಸರ್ ಹಾಕಿಸಿ ಏಳು ವರ್ಷ, ಒಂದ್ಸಲವೂ ಬಿಚ್ಚಿಸಿಲ್ಲ.

ಇಷ್ಟರವರೆಗೆ ತಪ್ಪು ಓನರ್‌ದು ಅಂತ ಆರಾಮಾಗಿದ್ವಿ. ಆಗ ಅಣ್ಣ ಕೆಳಗಿನ ವಾಲ್ವ್ ಮೇಲೆ ಟಾರ್ಚ್ ಬಿಟ್ಟು, "ಇದಕ್ಕೆ ಎಂ-ಸೀಲ್ ಮೆತ್ತಿದ್ದು ಯಾರು?" ಅಂದರು.

ನಾವೇ. ಹೋದ ವರ್ಷ ಅದು ತೊಟ್ಟಿಕ್ಕಿ ತೊಟ್ಟಿಕ್ಕಿ ರಾತ್ರಿ ನಿದ್ದೆ ಕೆಡಿಸ್ತಿತ್ತು. ಲೀಕ್ ಅಂತ ಮುಚ್ಚಿದ್ವಿ. ಅದು ಪ್ರೆಶರ್ ರಿಲೀಫ್ ವಾಲ್ವ್. 25 ಲೀಟರ್ ನೀರು 20 ಡಿಗ್ರಿಯಿಂದ 60ಕ್ಕೆ ಕಾದರೆ 350 ಎಂಎಲ್‌ಗೂ ಹೆಚ್ಚು ಹಿಗ್ಗುತ್ತೆ. ಅದು ಹೋಗೋಕೆ ಇದ್ದ ದಾರಿಯನ್ನೇ ನಾವು ಮುಚ್ಚಿದ್ದು. ಸುಣ್ಣ ಮುಚ್ಚಿದ ಥರ್ಮೋಸ್ಟಾಟ್ ಒಂದು ದಿನ ಆಫ್ ಆಗದೇ ಹೋಗಿ, ಕಟ್‌ಔಟ್ ಕೂಡ ಕೈಕೊಟ್ಟಿದ್ದರೆ? ಥರ್ಮೋಡೈನಾಮಿಕ್ಸ್ ಪಾಸಾದವರಿಗೆ ಇದು ಗೊತ್ತಿರಬೇಕಿತ್ತು. ವರ್ಷವಿಡೀ ಅದರ ಕೆಳಗೇ ನಿಂತು ಸ್ನಾನ ಮಾಡಿದ್ದೇವೆ. ಅಣ್ಣ ಬೈಯಲಿಲ್ಲ, ಸುಮ್ಮನೆ ಹೊಸ ವಾಲ್ವ್ ತೆಗೆದರು. ಬೈದಿದ್ದರೆ ಚೆನ್ನಾಗಿತ್ತು.

ಅವತ್ತು ರಾತ್ರಿ ನಮ್ಮಲ್ಲಿ ತುಮಕೂರು ಕಡೆಯವನು ಅವರ ಅಜ್ಜಿಯ ಬಚ್ಚಲಿನ ತಾಮ್ರದ ಹಂಡೆ ನೆನೆಸಿಕೊಂಡ. ಅಜ್ಜಿ ಮದುವೆಯಾಗಿ ಬಂದಾಗಲೇ ಇದ್ದದ್ದು, ಇನ್ನೂ ಇದೆ. ಅಲ್ಲೂ ನೀರು ಗಡಸೇ. ಆದರೆ ದೀಪಾವಳಿಯ ನೀರು ತುಂಬೋ ಹಬ್ಬದ ದಿನ ಅಜ್ಜಿ ಹಂಡೆ ಖಾಲಿ ಮಾಡಿಸಿ, ಒಳಗಿನ ಸುಣ್ಣ ಕೆರೆಸಿ, ಹುಣಸೆಹಣ್ಣಲ್ಲಿ ಉಜ್ಜಿಸ್ತಾರೆ. ಆಮೇಲೇ ಸುಣ್ಣ ಕೆಮ್ಮಣ್ಣಿನ ಪಟ್ಟೆ, ಬಳ್ಳಿ, ಪೂಜೆ. ಹುಣಸೆಯಲ್ಲಿರೋದೂ ಆಸಿಡ್ಡೇ, ಅಣ್ಣ ನಮ್ಮ ಟ್ಯಾಂಕ್ ತೊಳೆಯೋಕೆ ಸಿಟ್ರಿಕ್ ಆಸಿಡ್ ಕಲಸಿದ್ದರು, ಅಷ್ಟೇ ವ್ಯತ್ಯಾಸ. ಅಲ್ಲಿ ಬಾಯ್ಲರ್ ಸರ್ವೀಸ್‌ಗೆ ಕ್ಯಾಲೆಂಡರಿನಲ್ಲೇ ಒಂದು ದಿನ ಇದೆ!

ಹೊಸ ಎಲಿಮೆಂಟ್, ಆನೋಡ್, ಗ್ಯಾಸ್ಕೆಟ್, ವಾಲ್ವ್ ಎಲ್ಲ ಸೇರಿ ಬಂದ ಬಿಲ್ಲಿನಲ್ಲಿ ವಾಲ್ವಿನ ದುಡ್ಡು ನಾವೇ ಕೊಟ್ವಿ. ಬಚ್ಚಲ ಬಾಗಿಲ ಹಿಂದೆ ಮಾರ್ಕರ್‌ನಲ್ಲಿ "ಆನೋಡ್ ನೋಡೋದು: ನೀರು ತುಂಬೋ ಹಬ್ಬ" ಅಂತ ಬರೆದಿದ್ದೇವೆ. ನಾವು ಮನೆ ಬಿಟ್ಟ ಮೇಲೆ ಬರೋ ಜೂನಿಯರ್‌ಗಳು ಅಳಿಸದೇ ಇದ್ದರೆ ಸಾಕು. ವಾಲ್ವ್ ಈಗ ರಾತ್ರಿಯೆಲ್ಲ ತೊಟ್ಟಿಕ್ಕುತ್ತೆ. ಕೆಳಗೆ ಒಂದು ಮಗ್ ಇಟ್ಟಿದ್ದೇವೆ.