ಉಕ್ಕಿನ ಊರಿನಲ್ಲಿ ಕಾಲ್ಚೆಂಡು

ಹುಬ್ಬಳ್ಳಿಯಿಂದ ಬಳ್ಳಾರಿ ಕಡೆಗೆ ಹೊರಡುವ ರೈಲಿನಲ್ಲಿ ಕಿಟಕಿ ಪಕ್ಕದ ಜಾಗ ಸಿಕ್ಕವರು ಭಾಗ್ಯವಂತರು. ಅಣ್ಣಿಗೇರಿಯ ಎರೆಹೊಲಗಳು, ಗದಗ ದಾಟಿದ ಮೇಲೆ ದೂರದಲ್ಲಿ ಮಸುಕಾಗಿ ಕಾಣುವ ಕಪ್ಪತಗುಡ್ಡದ ಸಾಲು, ಕೊಪ್ಪಳದ ಬಂಡೆಗಲ್ಲುಗಳು, ಮುನಿರಾಬಾದಿನಲ್ಲಿ ತುಂಗಭದ್ರೆಯ ನೀರು. ಒಂದಾದ ಮೇಲೊಂದು ಕಣ್ಣಿಗೆ ಬೀಳುತ್ತವೆ. ಹೊಸಪೇಟೆಯಲ್ಲಿ ಹಂಪಿಗೆ ಹೋಗುವವರೆಲ್ಲ ಇಳಿದು ಬೋಗಿ ಬರಿದಾಗುತ್ತದೆ. ಮತ್ತೆ ಮೂವತ್ತು ಕಿಲೋಮೀಟರಿನಷ್ಟು ಮುಂದೆ ಹೋದರೆ ಮಣ್ಣಿನ ಬಣ್ಣವೇ ಬೇರೆ. ಕೆಂಪು ದೂಳು, ಮುಗಿಲಿಗೆ ಮುಖ ಮಾಡಿದ ಚಿಮಣಿಗಳು, ಅದಿರು ತುಂಬಿದ ಗೂಡ್ಸ್ ಬಂಡಿಗಳ ಸಾಲು. ಇದೇ ತೋರಣಗಲ್ಲು.

ಸಂಡೂರು ತಾಲ್ಲೂಕಿನ ಈ ಊರಿಗೆ ಉಕ್ಕಿನ ಕನಸು ಬಿದ್ದದ್ದು 1971ರಲ್ಲಿ. ಅಂದು ಪ್ರಧಾನಿ ಇಂದಿರಾ ಗಾಂಧಿಯವರು ವಿಜಯನಗರ ಉಕ್ಕು ಕಾರ್ಖಾನೆಗೆ ಶಂಕುಸ್ಥಾಪನೆ ಮಾಡಿದರು. ಸರ್ಕಾರದ ಕಾರ್ಖಾನೆ ಮಾತ್ರ ಎದ್ದು ನಿಲ್ಲಲಿಲ್ಲ. ಎರಡು ದಶಕ ಕಾದ ಮೇಲೆ 1994ರಲ್ಲಿ ಜಿಂದಾಲ್ ವಿಜಯನಗರ ಸ್ಟೀಲ್ ಕಂಪನಿ ಸ್ಥಾಪನೆಯಾಗಿ ಇಲ್ಲಿ ಕುಲುಮೆ ಉರಿಯಿತು. ಈಗ ಅದರ ಹೆಸರು ಜೆಎಸ್‌ಡಬ್ಲ್ಯೂ ಸ್ಟೀಲ್.

ಉಕ್ಕಿನ ಸಂಗತಿ ಎಲ್ಲರಿಗೂ ಗೊತ್ತಿರುವುದೇ. ಆದರೆ ಇದೇ ಆವರಣದಲ್ಲಿ ಇನ್ನೊಂದು ಬೆಳೆಯೂ ಇದೆಯೆಂಬುದು ನಮ್ಮ ಹುಬ್ಬಳ್ಳಿ-ಧಾರವಾಡದ ಎಷ್ಟು ಮಂದಿಗೆ ಗೊತ್ತು? 2018ರ ಸ್ವಾತಂತ್ರ್ಯ ದಿನದಂದು ಇಲ್ಲಿ 'ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್' ಎಂಬ ಕ್ರೀಡಾ ತರಬೇತಿ ಸಂಸ್ಥೆ ಉದ್ಘಾಟನೆಯಾಯಿತು. ಅಥ್ಲೆಟಿಕ್ಸ್, ಬಾಕ್ಸಿಂಗ್, ಕುಸ್ತಿ, ಜೂಡೋ ಪಟುಗಳು ಇಲ್ಲಿ ಪಳಗುತ್ತಾರೆ. ಭರ್ಚಿ ಎಸೆತದ ಒಲಿಂಪಿಕ್ ವಿಜೇತ ನೀರಜ್ ಚೋಪ್ರಾ ಕೂಡ ಇಲ್ಲಿ ಅಭ್ಯಾಸ ಮಾಡಿದವರು. ಬೆಂಗಳೂರು ಎಫ್‌ಸಿ ಎಂಬ ವೃತ್ತಿಪರ ಫುಟ್‌ಬಾಲ್ ಕ್ಲಬ್ಬಿನ ಕಿರಿಯ ಆಟಗಾರರು ಉಂಡು, ಮಲಗಿ, ಓದಿ, ಆಡಿ ಬೆಳೆದದ್ದೂ ಇದೇ ಕೆಂಪು ನೆಲದಲ್ಲಿ. ಉಕ್ಕಿನ ಊರಿಗೂ ಕಾಲ್ಚೆಂಡಿಗೂ ಎತ್ತಣಿಂದೆತ್ತ ಸಂಬಂಧ ಎಂದು ಕೇಳಬಹುದು. ಉತ್ತರಕ್ಕೆ ಜಪಾನಿನವರೆಗೆ ಹೋಗಿ ಬರಬೇಕು.

ಜಿಂಕೆ ಕೋಡಿನ ಊರು

ಟೋಕಿಯೋದಿಂದ ಬಸ್ಸಿನಲ್ಲಿ ಸುಮಾರು ಎರಡು ತಾಸು ಪೂರ್ವಕ್ಕೆ ಹೋದರೆ ಪೆಸಿಫಿಕ್ ಸಾಗರದ ದಂಡೆಯ ಮೇಲೆ ಕಾಶಿಮಾ ಎಂಬ ಸಣ್ಣ ಊರು. ಅಲ್ಲೊಂದು ಪ್ರಾಚೀನ ದೇವಾಲಯ, ಅದರ ವನದಲ್ಲಿ ಜಿಂಕೆಗಳು. ಕಾಶಿಮಾ ಎಂದು ಬರೆಯುವ ಅಕ್ಷರಗಳ ಅರ್ಥವೇ 'ಜಿಂಕೆಗಳ ದ್ವೀಪ'. ಸಮುದ್ರದ ಕಡೆ ಸುಮಿತೊಮೊ ಕಂಪನಿ ಕಟ್ಟಿದ ಉಕ್ಕಿನ ಕಾರ್ಖಾನೆ. ಆ ಕಂಪನಿಯ ನೌಕರರ ಫುಟ್‌ಬಾಲ್ ತಂಡ 1947ರಲ್ಲಿ ಒಸಾಕಾದಲ್ಲಿ ಹುಟ್ಟಿ, 1975ರಲ್ಲಿ ಕಾಶಿಮಾಕ್ಕೆ ಬಂದು ನೆಲೆಸಿತು. ಹಗಲು ಕೆಲಸ, ಸಂಜೆ ಆಟ. ನಮ್ಮ ಬೆಂಗಳೂರಿನಲ್ಲಿ ಐಟಿಐ, ಎಚ್‌ಎಎಲ್ ತಂಡಗಳು ಇದ್ದಂತೆಯೇ ಅದೂ ಒಂದು ಕಾರ್ಖಾನೆಯ ತಂಡ.

ಜಪಾನಿನಲ್ಲಿ ಆಗ ಎಲ್ಲ ದೊಡ್ಡ ತಂಡಗಳೂ ಹೀಗೆಯೇ. ಮಿತ್ಸುಬಿಷಿ, ನಿಸ್ಸಾನ್, ಮತ್ಸುಶಿತ, ಫುರುಕಾವಾ ಎಂದು ಕಂಪನಿಗಳ ಹೆಸರಿನಲ್ಲೇ ಆಡುತ್ತಿದ್ದವು. 1993ರಲ್ಲಿ 'ಜೆ-ಲೀಗ್' ಎಂಬ ವೃತ್ತಿಪರ ಸ್ಪರ್ಧೆ ಹತ್ತು ಕ್ಲಬ್ಬುಗಳೊಂದಿಗೆ ಆರಂಭವಾಯಿತು. ಆಗ ಹಾಕಿದ ಶರತ್ತು ಗಮನಿಸಬೇಕು: ಕ್ಲಬ್ಬು ತನ್ನ ಹೆಸರಿನಲ್ಲಿ ಕಂಪನಿಯನ್ನು ಬಿಟ್ಟು ಊರನ್ನು ಇಟ್ಟುಕೊಳ್ಳಬೇಕು. ಹಣ ಕಂಪನಿಯದಾದರೂ ಹೆಸರು ಊರಿನದು.

ಸುಮಿತೊಮೊ ತಂಡ ಆಗ ಎರಡನೇ ದರ್ಜೆಯಲ್ಲಿ ಆಡುತ್ತಿತ್ತು. ಊರೂ ಸಣ್ಣದು. ಇಂಥವರನ್ನು ಲೀಗಿಗೆ ಸೇರಿಸಿಕೊಳ್ಳುವುದು ಶೇಕಡಾ 99.9999ರಷ್ಟು ಅಸಾಧ್ಯವೆಂದು ಲೀಗಿನ ಮುಖ್ಯಸ್ಥರು ಹೇಳಿದರಂತೆ. ಹದಿನೈದು ಸಾವಿರ ಜನ ಕೂಡುವ, ಮಾಡು ಇರುವ ಕ್ರೀಡಾಂಗಣವಿದ್ದರೆ ನೋಡೋಣ ಎಂಬ ಮಾತೂ ಬಂತು. ಕಂಪನಿ, ಸ್ಥಳೀಯ ಆಡಳಿತ, ಜನ ಒಂದಾಗಿ ಅದನ್ನು ಕಟ್ಟಿಯೇಬಿಟ್ಟರು! 1991ರಲ್ಲೇ ಬ್ರೆಜಿಲ್ಲಿನ ವಿಶ್ವವಿಖ್ಯಾತ ಆಟಗಾರ ಜಿಕೋ ಅವರನ್ನು ಕರೆತಂದಿದ್ದರು. ಹೊಸ ಕ್ಲಬ್ಬಿಗೆ 'ಕಾಶಿಮಾ ಆಂಟ್ಲರ್ಸ್', ಅಂದರೆ ಜಿಂಕೆಯ ಕೋಡು, ಎಂದು ಹೆಸರಾಯಿತು. 1993ರ ಮೇ ತಿಂಗಳಲ್ಲಿ ಲೀಗಿನ ತನ್ನ ಮೊದಲ ಪಂದ್ಯದಲ್ಲೇ ಆಂಟ್ಲರ್ಸ್ ನಗೊಯಾ ತಂಡವನ್ನು 5-0ಯಿಂದ ಸೋಲಿಸಿತು. ಅದರಲ್ಲಿ ನಲವತ್ತು ವರ್ಷದ ಜಿಕೋ ಅವರದೇ ಮೂರು ಗೋಲು.

ಮುಂದಿನದು ಇತಿಹಾಸ. 1996ರಿಂದ 2025ರವರೆಗೆ ಒಂಬತ್ತು ಬಾರಿ ಲೀಗ್ ಪ್ರಶಸ್ತಿ. 2000ದಲ್ಲಿ ಲೀಗ್, ಲೀಗ್ ಕಪ್, ಎಂಪರರ್ಸ್ ಕಪ್ ಮೂರನ್ನೂ ಒಂದೇ ವರ್ಷ ಗೆದ್ದ ಸಾಧನೆ. 2016ರಲ್ಲಿ ಕ್ಲಬ್ಬುಗಳ ವಿಶ್ವಕಪ್ ಫೈನಲ್‌ನಲ್ಲಿ ರಿಯಲ್ ಮ್ಯಾಡ್ರಿಡ್‌ನಂಥ ತಂಡವನ್ನು ಹೆಚ್ಚುವರಿ ಸಮಯದವರೆಗೆ ತಡೆದು ನಿಲ್ಲಿಸಿ 4-2ರಿಂದ ಸೋತರು. 2018ರಲ್ಲಿ ಇರಾನಿನ ಪರ್ಸೆಪೊಲಿಸ್ ತಂಡವನ್ನು ಮಣಿಸಿ ಏಷ್ಯಾದ ಚಾಂಪಿಯನ್ನರಾದರು. ಇಷ್ಟೂ ವರ್ಷ ಮೊದಲ ದರ್ಜೆಯಿಂದ ಒಮ್ಮೆಯೂ ಕೆಳಗೆ ಇಳಿದಿಲ್ಲ. ಜಿಕೋ ಬಿಟ್ಟುಹೋದದ್ದೆಂದು ಕ್ಲಬ್ಬು ಇಂದಿಗೂ ಹೇಳಿಕೊಳ್ಳುವುದು ಮೂರೇ ಮಾತು: ನಿಷ್ಠೆ, ಪ್ರಾಮಾಣಿಕತೆ, ಗೌರವ.

ನಮ್ಮ ನೀಲಿ ಪಡೆ

ಈಗ ತೋರಣಗಲ್ಲಿಗೆ ಮರಳೋಣ. 2010ರಲ್ಲಿ ಜಪಾನಿನ ಜೆಎಫ್‌ಇ ಸ್ಟೀಲ್ ಕಂಪನಿ ಜೆಎಸ್‌ಡಬ್ಲ್ಯೂ ಜೊತೆ ಪಾಲುದಾರಿಕೆ ಮಾಡಿಕೊಂಡಿತು. ಆ ಜೆಎಫ್‌ಇಯ ಪೂರ್ವಜ ಸಂಸ್ಥೆಗಳಲ್ಲಿ ಒಂದಾದ ಕವಾಸಾಕಿ ಸ್ಟೀಲ್‌ನ ಕಾರ್ಮಿಕ ತಂಡವೇ ಬೆಳೆದು ಇಂದಿನ ವಿಸ್ಸೆಲ್ ಕೋಬೆ ಕ್ಲಬ್ಬಾಗಿದೆ. ಉಕ್ಕು ಕಾಸುವ ಕೈಗಳು ಚೆಂಡನ್ನೂ ಸಾಕಿದ್ದು ಹೊಸದಲ್ಲ ಎಂದಾಯಿತು.

2013ರ ಜುಲೈನಲ್ಲಿ ಜೆಎಸ್‌ಡಬ್ಲ್ಯೂ ಒಂದು ಫುಟ್‌ಬಾಲ್ ಕ್ಲಬ್ಬು ಸ್ಥಾಪಿಸಿದಾಗ ಅದಕ್ಕೆ ಕಂಪನಿಯ ಹೆಸರಿಡಲಿಲ್ಲ. 'ಬೆಂಗಳೂರು ಎಫ್‌ಸಿ' ಎಂದು ಊರಿನ ಹೆಸರನ್ನೇ ಇಟ್ಟರು. ಸುನಿಲ್ ಛೇಟ್ರಿ ನಾಯಕ, ಇಂಗ್ಲೆಂಡಿನ ಆಶ್ಲಿ ವೆಸ್ಟ್‌ವುಡ್ ತರಬೇತುದಾರ. ಅದೇ ವರ್ಷ ಸೆಪ್ಟೆಂಬರ್ 22ರಂದು ಅಶೋಕನಗರದ ಹಳೆಯ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಕೋಲ್ಕತ್ತೆಯ ಮೋಹನ್ ಬಾಗಾನ್ ಎದುರು ಮೊದಲ ಪಂದ್ಯ, 1-1 ಸಮಬಲ. ಕೂಸು ಅಂಬೆಗಾಲಿಡುವ ಹೊತ್ತಿಗೇ ಓಡಿಬಿಟ್ಟಿತು! 2014ರ ಏಪ್ರಿಲ್‌ನಲ್ಲಿ ಗೋವೆಯ ಡೆಂಪೊ ತಂಡವನ್ನು 4-2ರಿಂದ ಸೋಲಿಸಿ, ಕಾಲಿಟ್ಟ ಮೊದಲ ಋತುವಿನಲ್ಲೇ ಐ-ಲೀಗ್ ಗೆದ್ದುಕೊಂಡಿತು.

ಸಾಧನೆಯ ಪಟ್ಟಿ ಉದ್ದವಿದೆ. 2015 ಮತ್ತು 2017ರಲ್ಲಿ ಫೆಡರೇಷನ್ ಕಪ್, 2016ರಲ್ಲಿ ಮತ್ತೆ ಐ-ಲೀಗ್, 2018ರಲ್ಲಿ ಸೂಪರ್ ಕಪ್, 2019ರ ಮಾರ್ಚ್‌ನಲ್ಲಿ ಇಂಡಿಯನ್ ಸೂಪರ್ ಲೀಗ್, 2022ರಲ್ಲಿ ಡುರಾಂಡ್ ಕಪ್. ಇವೆಲ್ಲಕ್ಕಿಂತ ದೊಡ್ಡದು 2016ರ ಅಕ್ಟೋಬರ್ 19ರ ರಾತ್ರಿ. ಎಎಫ್‌ಸಿ ಕಪ್ ಸೆಮಿಫೈನಲ್‌ನಲ್ಲಿ ಹಾಲಿ ಚಾಂಪಿಯನ್ ಆಗಿದ್ದ ಮಲೇಷ್ಯಾದ ಜೊಹೊರ್ ತಂಡವನ್ನು ಕಂಠೀರವ ಕ್ರೀಡಾಂಗಣದಲ್ಲಿ 3-1ರಿಂದ ಸೋಲಿಸಿ, ಆ ಸ್ಪರ್ಧೆಯ ಫೈನಲ್ ಮುಟ್ಟಿದ ಮೊದಲ ಭಾರತೀಯ ಕ್ಲಬ್ಬೆಂಬ ಕೀರ್ತಿ ಪಡೆಯಿತು. ದೋಹಾದಲ್ಲಿ ನಡೆದ ಫೈನಲ್‌ನಲ್ಲಿ ಇರಾಕಿನ ವಾಯುಪಡೆಯ ತಂಡದೆದುರು ಒಂದೇ ಗೋಲಿನಿಂದ ಸೋಲಾಯಿತು.

ಸೋಲುಗಳನ್ನೂ ಹೇಳಬೇಕು, ಗೆದ್ದದ್ದನ್ನಷ್ಟೇ ಹೇಳಿದರೆ ಅದು ಜಾಹೀರಾತಾಗುತ್ತದೆ. 2015ರ ಮೇ 31ರಂದು ಇದೇ ಕಂಠೀರವದಲ್ಲಿ ಐ-ಲೀಗ್‌ನ ಕೊನೆಯ ಪಂದ್ಯ. ಬೆಂಗಳೂರು ಗೆದ್ದರೆ ಪ್ರಶಸ್ತಿ ಬೆಂಗಳೂರಿಗೆ. ಒಂದು ಗೋಲಿನ ಮುನ್ನಡೆ ಬೇರೆ. ಪಂದ್ಯ ಮುಗಿಯಲು ಕೆಲವೇ ನಿಮಿಷಗಳಿದ್ದಾಗ ಮೋಹನ್ ಬಾಗಾನ್ ತಲೆಯಿಂದ ಹೊಡೆದ ಒಂದು ಗೋಲು ಎಲ್ಲವನ್ನೂ ಕಸಿದುಕೊಂಡಿತು. 2018ರಲ್ಲಿ ಸೂಪರ್ ಲೀಗ್‌ನ ಪಟ್ಟಿಯ ತುದಿಯಲ್ಲಿದ್ದೂ ತವರಿನ ಫೈನಲ್‌ನಲ್ಲಿ ಚೆನ್ನೈ ತಂಡಕ್ಕೆ 2-3ರಿಂದ ಸೋತರು. ಮರುವರ್ಷ ಮುಂಬಯಿಯಲ್ಲಿ ಗೋವಾ ತಂಡದೆದುರು 117ನೇ ನಿಮಿಷದಲ್ಲಿ ರಾಹುಲ್ ಭೇಕೆ ತಲೆಯಿಂದ ಹೊಡೆದ ಗೋಲು ಆ ಗಾಯಕ್ಕೆ ಮದ್ದಾಯಿತು. 2023 ಮತ್ತು 2025ರ ಫೈನಲ್‌ಗಳಲ್ಲಿ ಮತ್ತೆ ಕೋಲ್ಕತ್ತೆಯವರದೇ ಮೇಲುಗೈ.

ಹಾಗೆಂದು ಕರ್ನಾಟಕದ ಕಾಲ್ಚೆಂಡು 2013ರಲ್ಲಿ ಹುಟ್ಟಿದ್ದಲ್ಲ. 1937ರಷ್ಟು ಹಿಂದೆಯೇ 'ಬೆಂಗಳೂರು ಮುಸ್ಲಿಮ್ಸ್' ತಂಡ ಬ್ರಿಟಿಷ್ ಸೈನಿಕರ ತಂಡಗಳು ಆಳುತ್ತಿದ್ದ ರೋವರ್ಸ್ ಕಪ್ಪನ್ನು ಮುಂಬಯಿಯಿಂದ ಹೊತ್ತು ತಂದಿತ್ತು; ಮರುವರ್ಷವೂ ಬಿಟ್ಟುಕೊಡಲಿಲ್ಲ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ಎದುರು ಭಾರತದ ಏಕೈಕ ಗೋಲು ಹೊಡೆದವರು ಬೆಂಗಳೂರಿನ ಎಸ್. ರಾಮನ್. ಮೈಸೂರು ರಾಜ್ಯ ನಾಲ್ಕು ಬಾರಿ ಸಂತೋಷ್ ಟ್ರೋಫಿ ಗೆದ್ದಿತ್ತು. 1968-69ರ ನಂತರ ಬರಿಗೈಯಲ್ಲೇ ಇದ್ದ ನಮ್ಮವರು 2023ರ ಮಾರ್ಚ್‌ನಲ್ಲಿ ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಐದನೇ ಬಾರಿ ಆ ಟ್ರೋಫಿ ಎತ್ತಿದರು. ಐವತ್ತನಾಲ್ಕು ವರ್ಷದ ಕಾಯುವಿಕೆ!

ಕಂಠೀರವದ ಸಂಜೆ

ರಜೆಯಲ್ಲಿ ಮಕ್ಕಳನ್ನು ಬೆಂಗಳೂರಿಗೆ ಕರೆದೊಯ್ಯುವವರು ವಿಧಾನಸೌಧ, ಲಾಲ್‌ಬಾಗ್, ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯ ತೋರಿಸಿ ಕರೆತರುವುದು ರೂಢಿ. ಪಂದ್ಯವಿರುವ ದಿನ ನೋಡಿಕೊಂಡು ಹೋದರೆ ಒಂದು ಸಂಜೆಯನ್ನು ಕಂಠೀರವಕ್ಕೂ ಇಡಬಹುದು. ವಸ್ತುಸಂಗ್ರಹಾಲಯದಿಂದ ನಡೆದೇ ಹೋಗುವಷ್ಟು ಹತ್ತಿರ. 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕಾಗಿ ಸಜ್ಜಾದ ಈ ಕ್ರೀಡಾಂಗಣ ಮೂಲತಃ ಓಟಗಾರರದು. ಆದ್ದರಿಂದ ಗ್ಯಾಲರಿಗೂ ಹುಲ್ಲುಹಾಸಿಗೂ ನಡುವೆ ಓಟದ ಪಥವಿದ್ದು ಆಟ ತುಸು ದೂರದಿಂದ ಕಾಣುತ್ತದೆ. ಆದರೆ ಪಶ್ಚಿಮದ ಗ್ಯಾಲರಿಯಲ್ಲಿ 'ವೆಸ್ಟ್ ಬ್ಲಾಕ್ ಬ್ಲೂಸ್' ಎಂಬ ಅಭಿಮಾನಿ ಬಳಗ ನೀಲಿ ಅಂಗಿ ತೊಟ್ಟು, ಡೋಲು ಬಡಿಯುತ್ತ, ನಿಂತೇ ಹಾಡುವುದನ್ನು ಕೇಳಿದರೆ ಆ ದೂರ ಮರೆತುಹೋಗುತ್ತದೆ. ಸಿದ್ಧಾರೂಢರ ಜಾತ್ರೆಯ ತೇರು ಎಳೆಯುವ ಗದ್ದಲ ಕಂಡ ನಮ್ಮವರಿಗೆ ಆ ಉತ್ಸಾಹ ಅಪರಿಚಿತವೆನಿಸದು.

ತೋರಣಗಲ್ಲಿನ ತರಬೇತಿ ಸಂಸ್ಥೆ ಮಾತ್ರ ಪ್ರವಾಸಿ ತಾಣವಲ್ಲ. ಶಾಲೆಯವರು ಮೊದಲೇ ಪತ್ರ ಬರೆದು, ಒಪ್ಪಿಗೆ ಬಂದ ಮೇಲೆಯೇ ಹೊರಡುವುದು ಮೇಲು. ಬೆಳಿಗ್ಗೆ ಹುಬ್ಬಳ್ಳಿ ಬಿಟ್ಟರೆ ಮಧ್ಯಾಹ್ನದ ಊಟದ ಹೊತ್ತಿಗೆ ತಲುಪಬಹುದು. ಹಂಪಿ, ತುಂಗಭದ್ರಾ ಅಣೆಕಟ್ಟಿನ ಪ್ರವಾಸದ ಜೊತೆ ಹೊಂದಿಸಿಕೊಂಡರೆ ಎರಡು ದಿನದ ಕಾರ್ಯಕ್ರಮವಾದೀತು.

"ಹೊಟ್ಟಿ ತುಂಬ್ತದೇನೋ ತಮ್ಮಾ?"

ಇಷ್ಟು ಓದಿದ ಮಗ "ಅಪ್ಪಾ, ನಾನೂ ಫುಟ್‌ಬಾಲ್ ಆಡ್ತೀನಿ" ಎಂದರೆ ಧಾರವಾಡದ ಕಡೆಯ ಮನೆಗಳಲ್ಲಿ ಏಳುವ ಪ್ರಶ್ನೆ ಒಂದೇ: "ಚೆಂಡು ಒದ್ದರ ಹೊಟ್ಟಿ ತುಂಬ್ತದೇನೋ ತಮ್ಮಾ?" ಈ ಪ್ರಶ್ನೆಯನ್ನು ನಕ್ಕು ತಳ್ಳಿಹಾಕುವಂತಿಲ್ಲ. 2025ರ ಆಗಸ್ಟ್‌ನಲ್ಲಿ, ಸೂಪರ್ ಲೀಗ್‌ನ ಭವಿಷ್ಯವೇ ಅನಿಶ್ಚಿತವಾದಾಗ, ಬೆಂಗಳೂರು ಎಫ್‌ಸಿ ತನ್ನ ಹಿರಿಯರ ತಂಡದ ಆಟಗಾರರ ಹಾಗೂ ಸಿಬ್ಬಂದಿಯ ಸಂಬಳ ತಡೆಹಿಡಿಯಿತು. ಆ ಋತುವಿನ ಲೀಗ್ 2025 ಮುಗಿದರೂ ಆರಂಭವಾಗಲಿಲ್ಲ. ದೇಶದ ಹೆಸರಾಂತ ಆಟಗಾರರಿಗೇ ಈ ಗತಿಯಾದರೆ ಹಳ್ಳಿಯ ಹುಡುಗನ ಪಾಡೇನು ಎಂದು ತಂದೆ ತಾಯಿ ಹೆದರುವುದು ಸಹಜ.

ಆದರೆ ಅದೇ ಪ್ರಕಟಣೆಯಲ್ಲಿ ಇನ್ನೊಂದು ಮಾತಿತ್ತು: ಕಿರಿಯರ ತಂಡಗಳ ಮತ್ತು ಮಕ್ಕಳ ಫುಟ್‌ಬಾಲ್ ಶಾಲೆಗಳ ಕೆಲಸ ನಿಲ್ಲುವುದಿಲ್ಲ. ಮರ ಬಾಡಿದರೂ ಸಸಿಗೆ ನೀರು ತಪ್ಪಿಸಬಾರದೆಂಬ ವಿವೇಕ ಅದು. ಹಾಗೆ ನೀರುಂಡು ಬೆಳೆದವರೇ ಮಣಿಪುರದ ನವೋರೆಂ ರೋಷನ್ ಸಿಂಗ್ ಮತ್ತು ತಮಿಳುನಾಡಿನ ಶಿವಶಕ್ತಿ ನಾರಾಯಣನ್. ಇಬ್ಬರೂ ಕ್ಲಬ್ಬಿನ ಕಿರಿಯರ ಸಾಲಿನಿಂದ ಮೇಲೆ ಬಂದು, ಒಬ್ಬರ ಬೆನ್ನಿಗೆ ಒಬ್ಬರಂತೆ ಸೂಪರ್ ಲೀಗ್‌ನ ಉದಯೋನ್ಮುಖ ಆಟಗಾರ ಪ್ರಶಸ್ತಿ ಪಡೆದರು. ಸಾವಿರಾರು ಕಿಲೋಮೀಟರ್ ದೂರದ ಮಣಿಪುರದ ಹುಡುಗನಿಗೆ ಸಿಕ್ಕ ದಾರಿ ನಾಲ್ಕು ತಾಸಿನ ಹಾದಿಯ ನಮ್ಮ ಹುಡುಗರಿಗೆ ಏಕೆ ಕಾಣಬಾರದು?

ಹಾಗೆಂದು ಪುಸ್ತಕ ಮುಚ್ಚಿಡಿ ಎಂದಲ್ಲ. ಜೆ-ಲೀಗ್ ಕ್ಲಬ್ಬುಗಳ ಕಿರಿಯ ಆಟಗಾರರು ಹಗಲು ಎಲ್ಲರಂತೆ ಶಾಲೆಗೆ ಹೋಗಿ ಸಂಜೆ ಮೈದಾನಕ್ಕೆ ಬರುತ್ತಾರೆ. ಏಕೆಂದರೆ ಅಕಾಡೆಮಿ ಸೇರಿದವರೆಲ್ಲ ಆಟಗಾರರಾಗುವುದಿಲ್ಲ ಎಂಬುದು ಅವರಿಗೆ ಗೊತ್ತು. ಆದ್ದರಿಂದ ಯಾವ ಅಕಾಡೆಮಿಗಾದರೂ ಮಗುವನ್ನು ಸೇರಿಸುವ ಮುನ್ನ ಪೋಷಕರು ನಾಲ್ಕು ಪ್ರಶ್ನೆ ಕೇಳಬೇಕು. ಇಲ್ಲಿ ಓದಿನ ವ್ಯವಸ್ಥೆ ಏನು? ತರಬೇತುದಾರರಿಗೆ ಫುಟ್‌ಬಾಲ್ ಫೆಡರೇಷನ್ನಿನ ಲೈಸೆನ್ಸ್ ಇದೆಯೇ? ಮಂಡಿ ಮುರಿದರೆ ನೋಡುವವರು ಯಾರು? ಆಯ್ಕೆಯಾಗದೆ ಹೊರಬಿದ್ದ ಹುಡುಗರು ಈಗ ಎಲ್ಲಿದ್ದಾರೆ? ಈ ನಾಲ್ಕಕ್ಕೂ ನೇರ ಉತ್ತರ ಕೊಡುವ ಕಡೆ ಮಗುವನ್ನು ಧೈರ್ಯವಾಗಿ ಬಿಡಬಹುದು.

ಇನ್ನು ಊರಿನ ಪಾಲಿನ ಕೆಲಸ. ಜಗತ್ತಿನಲ್ಲೇ ಉದ್ದವಾದ 1,507 ಮೀಟರಿನ ರೈಲ್ವೆ ಪ್ಲಾಟ್‌ಫಾರ್ಮು ನಮ್ಮ ಹುಬ್ಬಳ್ಳಿಯಲ್ಲಿದೆ. ಒಂದು ಫುಟ್‌ಬಾಲ್ ಮೈದಾನಕ್ಕೆ ಬೇಕಾದದ್ದು ಉದ್ದಕ್ಕೆ ನೂರೈದು ಮೀಟರು, ಅಗಲಕ್ಕೆ ಅರವತ್ತೆಂಟು. ಸಭೆ ಸಮಾರಂಭ, ವಸ್ತುಪ್ರದರ್ಶನ, ವಾಹನ ನಿಲುಗಡೆ ಎಂದು ಮೈದಾನಗಳನ್ನು ಎರವಲು ಕೊಡುತ್ತಲೇ ಹೋದರೆ ಮಕ್ಕಳಿಗೆ ಉಳಿಯುವುದು ಮೊಬೈಲ್ ಪರದೆಯ ಮೈದಾನವೊಂದೇ. ಕಾಶಿಮಾದವರಿಗೆ ಲೀಗಿನವರು ಬಿಟ್ಟುಕೊಟ್ಟದ್ದು ಶೇಕಡಾ 0.0001ರಷ್ಟು ಜಾಗ. ಅಷ್ಟರಲ್ಲೇ ಅವರು ಮೈದಾನ ಕಟ್ಟಿದರು. ಅವಳಿ ನಗರದ ಪ್ರತಿ ಬಡಾವಣೆಯಲ್ಲೂ ಸಂಜೆ ಐದರಿಂದ ಏಳರವರೆಗೆ ಯಾರೂ ಕಸಿಯಲಾಗದ ಒಂದು ಬಯಲು, ಎರಡು ಗೋಲುಕಂಬ, ಸೀಟಿ ಹಿಡಿದು ನಿಲ್ಲಲು ಮನಸ್ಸಿರುವ ಒಬ್ಬ ಮಾಸ್ತರು. ಮಕ್ಕಳ ಪರವಾಗಿ ನಾವು ಕೇಳಬೇಕಾದದ್ದು ಇಷ್ಟು.