ಯಾದವಗಿರಿಯ ಬಂಡಿ, ಮೇಲುಕೋಟೆಯ ದಾರಿ

ಮೈಸೂರಿನ ಯಾದವಗಿರಿಯಲ್ಲಿ 1961ರಿಂದ 1996ರವರೆಗೆ ಜಾವಾ, ಯೆಜ್ಡಿ ಮೋಟಾರು ಸೈಕಲ್ಲುಗಳು ತಯಾರಾಗುತ್ತಿದ್ದುವು. ಅಲ್ಲಿ ಹುಟ್ಟಿದ ಯೆಜ್ಡಿಯೊಂದು ಇಂದಿಗೂ ನಮ್ಮನ್ನು ಹೊರುತ್ತಿದೆ. ಕಳೆದ ಮಾಘದಲ್ಲಿ, ಅದು ರಿಪೇರಿಯಾಗಿ ಬಂದ ಮರುದಿನವೇ, ಮನೆಯವರನ್ನು ಹಿಂದೆ ಕೂರಿಸಿಕೊಂಡು ಮೇಲುಕೋಟೆಗೆ ಹೊರಟೆವು. ಪಾಂಡವಪುರವನ್ನು ದಾಟಿ ಕಬ್ಬಿನ ಗದ್ದೆಗಳ ನಡುವೆ ಹೋಗುತ್ತಿರಲು ಹಿಂದಿನ ಗಾಲಿಯು ಓಲಾಡತೊಡಗಿತು. ಇಳಿದು ನೋಡಲಾಗಿ ಅಚ್ಚಿನ ನಟ್ಟು ಬೆರಳಿಗೇ ತಿರುಗುತ್ತಿತ್ತು! ಸರಪಳಿಯು ಕವಚದೊಳಗೆ ಅಡಗಿರುವುದರಿಂದ ಅದು ಸಡಿಲಿದುದು ಮೊದಲೇ ಕಾಣಲಿಲ್ಲ. ಮನೆಯವರು ಏನೂ ಆಡಲಿಲ್ಲ; ಮೈಲುಗಲ್ಲಿನ ಮೇಲೆ ಕುಳಿತು ಚೆಲುವನಾರಾಯಣನಿಗೆ ಅಲ್ಲಿಂದಲೇ ಕೈಮುಗಿದರು. ಕಬ್ಬಿನ ಟ್ರಾಕ್ಟರಿನವನೊಬ್ಬನ ಸ್ಪ್ಯಾನರಿನಿಂದ ಬಿಗಿದುಕೊಂಡು ಹಿಂದಿರುಗಿದೆವು.

ಅಂಗಡಿಯ ರಸೀದಿಯಲ್ಲಿ "ಎಲ್ಲ ನಟ್ಟುಗಳನ್ನೂ ಬಿಗಿಯಲಾಗಿದೆ" ಎಂದಿತ್ತು. ಕರ್ಮಣಿ ಪ್ರಯೋಗದಲ್ಲಿ ಕರ್ತೃವು ಮರೆಯಾಗುವ ಬಗೆಯನ್ನು ಮೂವತ್ತು ವರ್ಷ ಪಾಠ ಹೇಳಿದವರು ನಾವು. "ಬಿಗಿದವರಾರು?" ಎಂದು ಕೇಳಿದೆವು.

"ಹುಡುಗನ ಕೈತಪ್ಪು, ಮೇಷ್ಟ್ರೇ. ದುಡ್ಡು ವಾಪಸು ಕೊಡುತ್ತೇನೆ" ಎಂದರು ಯಜಮಾನರು.

ಹುಡುಗನು ತಲೆ ತಗ್ಗಿಸಿಕೊಂಡೇ, "ನಡುವೆ ಬೇರೆ ಗಾಡಿಗೆ ಕರೆದರು, ಸಾರ್" ಎಂದನು.

ಹಣ ಬೇಡವೆಂದೆವು. ಯಜಮಾನರು ತಾವೇ ಸ್ಪ್ಯಾನರು ಹಿಡಿದು ಒಂದೊಂದು ನಟ್ಟನ್ನೂ ಬಿಗಿದು ಮುಗಿಸುವವರೆಗೆ ಆ ಹುಡುಗನ ಪಕ್ಕದಲ್ಲಿಯೇ ನಿಂತಿದ್ದೆವು.